ಹೆಸರು ಒಂದೇ, ಆಟ ಬೇರೆ: ಎಕ್ಸ್‌ಬಾಕ್ಸ್ 360ರ ಫೋರ್ಜಾ ಹೊರೈಜನ್ 2

ಹಳೇಡಬ್ಬ

ಮೊನ್ನೆ ಅಟ್ಟದ ಮೇಲಿಂದ ನನ್ನ ಹಳೇ ಗೇಮಿಂಗ್ ಡಬ್ಬ ಎಕ್ಸ್‌ಬಾಕ್ಸ್ 360 ಇಳಿಸಿದೆ. ಮೇಲೆ ಒಂದು ಬೆರಳು ದಪ್ಪ ಧೂಳು. ತಂಗಿಯ ಮಗ ರಜೆಗೆ ಬಂದಿದ್ದಾನೆ. ಎಂಟು ವರ್ಷ, ಕಾರು ಅಂದರೆ ಪ್ರಾಣ. ಮನೆಯಲ್ಲಿ ಹೊರೈಜನ್ 5 ಆಡುವ ಹುಡುಗ. ನಮ್ಮ ಕಾಲದ್ದೂ ನೋಡಲಿ ಅಂತ ಅದೇ ಕಾರ್ ರೇಸ್ ಸರಣಿಯ ಫೋರ್ಜಾ ಹೊರೈಜನ್ 2 ಡಿಸ್ಕ್ ಹಾಕಿ ಕೊಟ್ಟೆ. ಇಪ್ಪತ್ತು ನಿಮಿಷ ಸುಮ್ಮನೆ ಆಡಿದ. ಆಮೇಲೆ ತಿರುಗಿ, "ಮಾಮಾ, ಇದರಲ್ಲಿ ಮಳೆ ಯಾವಾಗ ಬರುತ್ತೆ?" ಅಂದ.

ಬರಲ್ಲ ಕಂದಾ. 2014ರಿಂದ ಕಾಯುತ್ತಾ ಇದ್ದೇನೆ, ಬಂದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಆಟ ಬಂದದ್ದು 2014ರ ಸೆಪ್ಟೆಂಬರ್ ಕೊನೆಯಲ್ಲಿ. ದಕ್ಷಿಣ ಫ್ರಾನ್ಸ್, ಉತ್ತರ ಇಟಲಿ. ನೀಸ್ ಊರಿನ ಕಡಲ ದಂಡೆ, ದ್ರಾಕ್ಷಿ ತೋಟ, ಗುಡ್ಡ ಸುತ್ತುವ ರಸ್ತೆ. 360ರ ನಂತರ ಬಂದ ಹೊಸ ಡಬ್ಬ ಎಕ್ಸ್‌ಬಾಕ್ಸ್ ಒನ್‌ಗೆ ಮಾಡಿದ್ದು ಪ್ಲೇಗ್ರೌಂಡ್ ಗೇಮ್ಸ್. 360ಕ್ಕೆ ಮಾಡಿದ್ದು ಸುಮೋ ಡಿಜಿಟಲ್. ಎರಡೂ ಡಿಸ್ಕ್‌ನ ಡಬ್ಬದ ಮೇಲೂ ಅದೇ ಹೆಸರು, ಅದೇ ಲ್ಯಾಂಬೊರ್ಗಿನಿ ಹುರಾಕಾನ್. ಒಳಗಿರುವುದು ಮಾತ್ರ ಬೇರೆ ಬೇರೆ ಆಟ.

ಒನ್‌ನಲ್ಲಿ ಮಳೆ ಬರುತ್ತದೆ, ರಸ್ತೆ ನೆನೆಯುತ್ತದೆ, ಆಮೇಲೆ ನಿಧಾನಕ್ಕೆ ಒಣಗುತ್ತದೆ. 360ರಲ್ಲಿ ಯಾವಾಗಲೂ ಬಿಸಿಲು, ಇಲ್ಲಾ ರಾತ್ರಿ. ಒನ್‌ನಲ್ಲಿ ಡ್ರೈವಟಾರ್ ಇದೆ, ಅಂದರೆ ಬೇರೆ ಆಟಗಾರರು ಕಾರು ಓಡಿಸುವ ರೀತಿಯನ್ನು ಕಲಿತು ಅವರ ಹೆಸರಲ್ಲೇ ನಮ್ಮ ಜೊತೆ ಓಡುವ ಎದುರಾಳಿಗಳು. 360ರಲ್ಲಿ ಇಲ್ಲ. ಒನ್‌ನಲ್ಲಿ ರಸ್ತೆ ಬೇಜಾರಾದರೆ ಬೇಲಿ ಮುರಿದು ಹೊಲಕ್ಕೆ ನುಗ್ಗಬಹುದು. 360ರಲ್ಲಿ ಆ ಸ್ವಾತಂತ್ರ್ಯ ತೀರಾ ಕಡಿಮೆ. ಹೊಲ ಕಣ್ಣಿಗೆ ಕಾಣುತ್ತದೆ, ಚಕ್ರಕ್ಕೆ ಸಿಗುವುದಿಲ್ಲ.

ಗ್ರಾಫಿಕ್ಸ್ ಕಡಿಮೆ ಅಂತ ನಾನು ಯಾವತ್ತೂ ಗೊಣಗಿಲ್ಲ. ಹಳೇ ಡಬ್ಬ, ಅದು ಗೊತ್ತಿದ್ದದ್ದೇ. ಆದರೆ ಈ ಆಟದ ಜೀವವೇ ಮಳೆ ಮತ್ತು ಹೊಲ. ಅವೆರಡನ್ನೂ ತೆಗೆದು ಹೆಸರು ಮಾತ್ರ ಉಳಿಸಿದರೆ ಅದನ್ನು ಪೋರ್ಟ್, ಅಂದರೆ ಒಂದು ಡಬ್ಬದ ಆಟವನ್ನೇ ಇನ್ನೊಂದಕ್ಕೆ ಇಳಿಸಿದ್ದು, ಅನ್ನಬಹುದಾ? ನಿಮ್ಮ ಅಭಿಪ್ರಾಯ ಹೇಳಿ.

ರಾಗಿಮುದ್ದೆ ರೇಸರ್

ಬಿಸಿಬೇಳೆಬಾತ್ ಅಂತ ಕರೆದು ಅನ್ನ ಸಾರು ಬಡಿಸಿದ ಹಾಗೆ.

ಬಜೆಟ್ ಗೇಮರ್

ಅನ್ನ ಸಾರು ತಿಂದು ಬೆಳೆದವನು ನಾನು. ಅದಕ್ಕೇ ಇದಕ್ಕೆ ಉತ್ತರ ಕೊಡಲೇಬೇಕು.

ಅಣ್ಣಾ, ಒಂದು ಲೆಕ್ಕ ನೆನಪಿದೆಯಾ? ಎಕ್ಸ್‌ಬಾಕ್ಸ್ ಒನ್ ಭಾರತಕ್ಕೆ ಬಂದದ್ದು 2014ರ ಸೆಪ್ಟೆಂಬರ್ 23ಕ್ಕೆ, ಕಿನೆಕ್ಟ್ ಕ್ಯಾಮೆರಾ ಸೇರಿ 45,990 ರೂಪಾಯಿ. ಈ ಆಟ ಬಂದದ್ದು ಅದಾಗಿ ಒಂದು ವಾರಕ್ಕೆ. ಬೇರೆ ದೇಶದವರು ಹತ್ತು ತಿಂಗಳು ಮೊದಲೇ ಒನ್ ತಗೊಂಡಿದ್ದರು. ನಮ್ಮಲ್ಲಿ ಯಾರ ಮನೆಯಲ್ಲಿತ್ತು? ನಾನಾಗ ಡಿಪ್ಲೊಮಾ ಎರಡನೇ ವರ್ಷ. ಅಪ್ಪನ ಹತ್ತಿರ 46 ಸಾವಿರ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ನನ್ನ ಹತ್ತಿರ ಇದ್ದದ್ದು ಅಣ್ಣ ಆಡಿ ಬಿಟ್ಟ 360. ಅದಕ್ಕೂ ಒಂದು ಹೊಸ ಹೊರೈಜನ್ ಬಂತು ಅನ್ನುವುದೇ ದೊಡ್ಡ ಖುಷಿ. ಇವರು 360ಕ್ಕೆ ಮಾಡುವುದೇ ಇಲ್ಲ ಅಂದಿದ್ದರೆ ನನಗೆ ಇಟಲಿಯೂ ಇಲ್ಲ, ಫ್ರಾನ್ಸೂ ಇಲ್ಲ.

ಮಳೆ ಇಲ್ಲ, ನಿಜ. ನನಗೆ ಆಗ ಅದು ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಬೇಜಾರು ಎಲ್ಲಿಂದ?

ಹಳೇಡಬ್ಬ

@ಬಜೆಟ್ ಗೇಮರ್, ಅದೇ ನನ್ನ ಕಷ್ಟ. ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಅಂದುಕೊಂಡಿದ್ದೆ. ಮೂರು ತಿಂಗಳು ಟ್ರೈಲರ್ ನೋಡಿದ್ದೆ. ಒದ್ದೆ ರಸ್ತೆ ಮೇಲೆ ದೀಪ ಹೊಳೆಯುವ ಆ ದೃಶ್ಯವನ್ನು ಕಂಪ್ಯೂಟರ್ ವಾಲ್‌ಪೇಪರ್ ಮಾಡಿಕೊಂಡಿದ್ದೆ. ಅದು ಒನ್‌ನ ದೃಶ್ಯ, ನನ್ನ ಡಬ್ಬದ್ದಲ್ಲ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ವಿಚಾರಿಸದೆ ತಗೊಂಡದ್ದು ನನ್ನದೇ ತಪ್ಪು ಅಂತ ಬೇಕಾದರೆ ಬರೆದುಕೊಳ್ಳಿ.

ಪಿಕ್ಸೆಲ್ ಪುಟ್ಟಣ್ಣ

ಮಳೆ ಯಾಕೆ ಬರಲಿಲ್ಲ ಅಂತ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಗೊಂಡು ಕೂತುಕೊಳ್ಳಿ.

360 ಮೊದಲು ಮಾರಾಟಕ್ಕೆ ಬಂದದ್ದು 2005ರ ನವೆಂಬರ್‌ನಲ್ಲಿ. ಅದರ ಒಟ್ಟು ಮೆಮೊರಿ 512 ಎಂಬಿ. ಆಟದ ಲೆಕ್ಕ, ಚಿತ್ರ, ಸದ್ದು, ಸಿಸ್ಟಂ ಎಲ್ಲವೂ ಅಷ್ಟರಲ್ಲೇ. ಒನ್‌ನಲ್ಲಿ 8 ಜಿಬಿ, ಅದರಲ್ಲಿ ಆಟಕ್ಕೆ ಸುಮಾರು 5 ಜಿಬಿ ಸಿಗುತ್ತಿತ್ತು. ಹತ್ತು ಪಟ್ಟು. 360ಕ್ಕೆ ಡಿವಿಡಿ, ಒನ್‌ಗೆ 50 ಜಿಬಿಯ ಬ್ಲೂ-ರೇ. ಇದು ಎಲ್ಲರೂ ಹೇಳುವ ಮಾತು. ಮುಖ್ಯ ಕಾರಣ ಇದೂ ಅಲ್ಲ.

ಒನ್‌ಗೆ ಮಾಡುವಾಗ ಪ್ಲೇಗ್ರೌಂಡ್‌ನವರು ಬೆಳಕಿನ ಲೆಕ್ಕವನ್ನೇ ಬದಲಾಯಿಸಿದರು. ಫಾರ್ವರ್ಡ್ ಪ್ಲಸ್ ಅನ್ನುವ ವಿಧಾನ. ಪರದೆಯನ್ನು ಸಣ್ಣ ಸಣ್ಣ ಚೌಕ ಮಾಡಿ, ಯಾವ ಚೌಕಕ್ಕೆ ಯಾವ ದೀಪದ ಬೆಳಕು ಬೀಳುತ್ತದೆ ಅಂತ ಮೊದಲೇ ಆರಿಸಿಕೊಳ್ಳುವುದು. ಹಾಗಾಗಿ ರಾತ್ರಿ ಹೊತ್ತು ಎಷ್ಟೊಂದು ದೀಪ ಇಟ್ಟರೂ ಗ್ರಾಫಿಕ್ಸ್ ಚಿಪ್ ಉಸ್ಸಪ್ಪ ಅನ್ನುವುದಿಲ್ಲ. ಈ ಆರಿಸುವ ಕೆಲಸಕ್ಕೆ ಕಂಪ್ಯೂಟ್ ಶೇಡರ್ ಬೇಕು, ಅಂದರೆ ಗ್ರಾಫಿಕ್ಸ್ ಚಿಪ್‌ನಲ್ಲೇ ಬೇರೆ ಲೆಕ್ಕ ಮಾಡಿಸುವ ಪುಟ್ಟ ಪ್ರೋಗ್ರಾಂ. 360ರ ಚಿಪ್‌ನಲ್ಲಿ ಅದು ಇಲ್ಲ. ನಿಧಾನವಾಗಿಯಾದರೂ ಓಡಿಸೋಣ ಅಂದರೂ ಆಗುವುದಿಲ್ಲ. ಹಲ್ಲೇ ಇಲ್ಲದವನಿಗೆ ಚಕ್ಕುಲಿ ಕೊಟ್ಟ ಹಾಗೆ.

ಇನ್ನೊಂದು ಅಡ್ಡಿ ಇದೆ. 360ರಲ್ಲಿ ಚಿತ್ರ ಬಿಡಿಸುವುದಕ್ಕೆ ಅಂತ 10 ಎಂಬಿಯ ವೇಗದ ಮೆಮೊರಿ ಪ್ರತ್ಯೇಕ ಇದೆ. 720ಪಿ ಅಂದರೆ 9,21,600 ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್, ಆಳಕ್ಕೆ 4 ಬೈಟ್. ಒಟ್ಟು 7 ಎಂಬಿ ಚಿಲ್ಲರೆ. ಸಲೀಸಾಗಿ ಹಿಡಿಯುತ್ತದೆ. ಆದರೆ ಕಾರಿನ ಅಂಚು ಗರಗಸದ ಹಾಗೆ ಕಾಣಬಾರದು ಅಂತ ಅಂಚು ನುಣುಪು ಮಾಡುವ ಎಂಎಸ್‌ಎಎ ವಿಧಾನವನ್ನು ನಾಲ್ಕು ಪಟ್ಟು ಹಾಕಿದರೆ 28 ಎಂಬಿ ಆಗುತ್ತದೆ. ಆಗ ಒಂದೇ ಚಿತ್ರವನ್ನು ಮೂರು ತುಂಡು ಮಾಡಿ ಬಿಡಿಸಬೇಕು. 2012ರ ಮೊದಲ ಹೊರೈಜನ್ ಇದನ್ನೆಲ್ಲ ಮಾಡಿಕೊಂಡೇ ಸೆಕೆಂಡಿಗೆ 30 ಫ್ರೇಮ್ ಅಲ್ಲಾಡದೆ ಓಡುತ್ತಿತ್ತು. ಅಂದರೆ ಆ ಡಬ್ಬ ಆಗಲೇ ಕತ್ತಿನವರೆಗೆ ತುಂಬಿತ್ತು. ಅದರ ಮೇಲೆ ಮಳೆ ಅಂದರೆ ಬರೀ ನೀರಿನ ಗೆರೆ ಅಲ್ಲ. ಒದ್ದೆ ರಸ್ತೆ ಅಂದರೆ ಕನ್ನಡಿ. ಕಾರು, ದೀಪ, ಆಕಾಶ ಎಲ್ಲ ಅದರಲ್ಲಿ ಕಾಣಬೇಕು. ಟೈರಿನ ಹಿಡಿತದ ಲೆಕ್ಕವೂ ಬೇರೆ ಆಗಬೇಕು.

ಹಾಗಾಗಿ ಸುಮೋದವರು ಒನ್‌ನ ಆಟವನ್ನು ಇಳಿಸಲೇ ಇಲ್ಲ. 2012ರ ಹೊರೈಜನ್ ಎಂಜಿನ್, ಅಂದರೆ ಆಟ ನಡೆಸುವ ಮೂಲ ಸಾಫ್ಟ್‌ವೇರ್, ಇಟ್ಟುಕೊಂಡು ಅದರ ಮೇಲೆ ಹೊಸ ಊರು ಕಟ್ಟಿದರು. @ಹಳೇಡಬ್ಬ ಕೇಳಿದ ಪ್ರಶ್ನೆಗೆ ನೇರ ಉತ್ತರ: ಪೋರ್ಟ್ ಅಲ್ಲವೇ ಅಲ್ಲ.

ಘಾಟಿ ಡ್ರಿಫ್ಟ್

ಪುಟ್ಟಣ್ಣ, ನಿಮ್ಮ ಲೆಕ್ಕ ಎಲ್ಲ ಸರಿ. ಆದರೆ ಒಂದು ಮಾತು. ಪ್ರಾಜೆಕ್ಟ್ ಗೋಥಮ್ ರೇಸಿಂಗ್ 4 (ಪಿಜಿಆರ್ 4) ಆಡಿದ್ದೀರಾ? 2007ರ ಆಟ. ಅದೇ 360. ಅದೇ 512 ಎಂಬಿ. ಅದರಲ್ಲಿ ಮಳೆ ಇದೆ, ಹಿಮ ಇದೆ. ರೇಸ್ ನಡುವೆಯೇ ಮೋಡ ಕವಿದು ಮಳೆ ಶುರುವಾಗುತ್ತದೆ. ರಸ್ತೆ ಹೊಳೆಯುತ್ತದೆ, ಕಾರು ಜಾರುತ್ತದೆ. ಇದನ್ನು ಮಾಡಿದ ಬಿಜಾರ್ ಕ್ರಿಯೇಷನ್ಸ್ 2011ರಲ್ಲಿ ಬಾಗಿಲು ಹಾಕಿತು.

ನಮ್ಮದು ಸಕಲೇಶಪುರದ ಹತ್ತಿರ. ಜೂನ್ ಬಂತು ಅಂದರೆ ಶಿರಾಡಿ ಘಾಟಿಯಲ್ಲಿ ಹತ್ತು ಅಡಿ ಮುಂದೆ ಏನಿದೆ ಅಂತ ಕಾಣುವುದಿಲ್ಲ. ಮಳೆಯಲ್ಲಿ ಗಾಡಿ ಓಡಿಸುವುದು ನಮಗೆ ವಿಶೇಷ ಅಲ್ಲ, ದಿನದ ಬದುಕು. ಬ್ರೇಕ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದು ಕಾಲಿಗೇ ಗೊತ್ತಿರುತ್ತದೆ. ಅದಕ್ಕೇ ಹೇಳುವುದು, ಮಳೆ ಬಂದರೆ ಅದೇ ತಿರುವು ಬೇರೆ ತಿರುವಾಗುತ್ತದೆ. ಒಂದೇ ರಸ್ತೆಯಲ್ಲಿ ಎರಡು ರಸ್ತೆ ಸಿಕ್ಕ ಹಾಗೆ. ಮಳೆ ಇಲ್ಲದ ಹೊರೈಜನ್ 2ರ ಮ್ಯಾಪ್ ನನ್ನ ಲೆಕ್ಕದಲ್ಲಿ ಅರ್ಧ ಮ್ಯಾಪ್.

ಪಿಕ್ಸೆಲ್ ಪುಟ್ಟಣ್ಣ

@ಘಾಟಿ ಡ್ರಿಫ್ಟ್, ಪಿಜಿಆರ್ 4 ಒಳ್ಳೆ ಉದಾಹರಣೆ. ಆದರೆ ಅದು ಮುಚ್ಚಿದ ಟ್ರ್ಯಾಕ್. ಮುಂದೆ ಯಾವ ತಿರುವು ಬರುತ್ತದೆ ಅಂತ ಆಟಕ್ಕೆ ಮೊದಲೇ ಗೊತ್ತು. ಹೊರೈಜನ್ ಬಯಲು. ಯಾವ ಕಡೆ ತಿರುಗಿದರೂ ಆ ಕಡೆಯ ಊರನ್ನು ಡಿಸ್ಕ್‌ನಿಂದ ಎಳೆದು ತರಬೇಕು. ಎರಡೂ ಒಂದೇ ಅಲ್ಲ.

ಘಾಟಿ ಡ್ರಿಫ್ಟ್

ಹಾಗಾದರೆ ಜಿಟಿಎ 5? 2013ರಲ್ಲಿ ಅದೇ 360ಕ್ಕೆ ಬಂತು. ಬಯಲು ಇದೆ, ಮಳೆ ಇದೆ, ಗುಡುಗೂ ಇದೆ, ಜೊತೆಗೆ ರಸ್ತೆ ತುಂಬ ಜನ. ಹೊಲ, ಗುಡ್ಡ, ಸಮುದ್ರ ಎಲ್ಲಿಗೆ ಬೇಕಾದರೂ ನುಗ್ಗಬಹುದು.

ಪಿಕ್ಸೆಲ್ ಪುಟ್ಟಣ್ಣ

ಎರಡು ಡಿಸ್ಕ್ ಕೊಟ್ಟಿದ್ದರು ನೆನಪಿದೆಯಾ? ಒಂದನ್ನು ಪೂರ್ತಿ ಇನ್‌ಸ್ಟಾಲ್ ಮಾಡಿ, ಇನ್ನೊಂದರಿಂದ ಆಡಬೇಕಿತ್ತು. ಡಿಸ್ಕ್‌ನಿಂದ ಅರ್ಧ, ಹಾರ್ಡ್ ಡಿಸ್ಕ್‌ನಿಂದ ಅರ್ಧ ಓದಿಸಿ ಕೆಲಸ ಸಾಗಿಸಿದರು.

ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಜಿಟಿಎ 5 ಅನ್ನು ಮೊದಲ ದಿನದಿಂದ 360 ಮತ್ತು ಸೋನಿಯ ಪಿಎಸ್3ಗೆ ಅಂತಲೇ ಕಟ್ಟಿದ್ದರು. ಅಳತೆ ತಗೊಂಡು ಹೊಲಿದ ಅಂಗಿ. ಹೊರೈಜನ್ 2ರ ಕನಸು ಕಂಡದ್ದು ಒನ್‌ಗೆ. ಆ ಕನಸನ್ನು ಹಳೇ ಡಬ್ಬಕ್ಕೆ ಹೊಂದಿಸಬೇಕಾದರೆ ಎಲ್ಲೋ ಕತ್ತರಿ ಹಾಕಲೇಬೇಕು. ಎಲ್ಲಿ ಹಾಕಿದರು ಅನ್ನುವುದರ ಬಗ್ಗೆ ಬೇಕಾದರೆ ಜಗಳ ಆಡೋಣ.

ರಾಗಿಮುದ್ದೆ ರೇಸರ್

ಜಾಹೀರಾತಿನಲ್ಲಿ ಯುವರಾಜ್ ಸಿಂಗ್ ಮುಖ ನೋಡಿ 360 ತಗೊಂಡವರು ಕೈ ಎತ್ತಿ. ನಾನು ಎತ್ತಿದೆ.

ಬಜೆಟ್ ಗೇಮರ್

ನಮ್ಮಣ್ಣನೂ ಹಾಗೇ ತಗೊಂಡದ್ದು! ಅಕ್ಷಯ್ ಕುಮಾರ್ ಕೂಡ ಇದ್ದ ಅಲ್ವಾ ಆಗ?

ರಾಗಿಮುದ್ದೆ ರೇಸರ್

ಇದ್ದ. ಇಬ್ಬರನ್ನೂ ಇಟ್ಟುಕೊಂಡೇ 2006ರಲ್ಲಿ ಇಲ್ಲಿಗೆ ತಂದದ್ದು. ಸರಿ ಸರಿ, ವಿಷಯಕ್ಕೆ ಬನ್ನಿ.

ದೂರದೂರು

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಪ್ಲೇಗ್ರೌಂಡ್ ಇರುವ ಲೆಮಿಂಗ್ಟನ್ ಸ್ಪಾ ಇಲ್ಲಿಂದ ರೈಲಿನಲ್ಲಿ ಹತ್ತಿರ. ಚಿಕ್ಕ ಊರು, ಹಳೇ ಬಿಳಿ ಕಟ್ಟಡಗಳು, ನಡುವೆ ತೋಟ. ನೋಡಿದರೆ ನಿವೃತ್ತರ ಊರು ಅನ್ನಿಸುತ್ತದೆ. ಆದರೆ ಅಲ್ಲಿ ಸುತ್ತಮುತ್ತ ಗೇಮ್ ಸ್ಟುಡಿಯೊಗಳು ಎಷ್ಟು ಇವೆ ಅಂದರೆ ಸಿಲಿಕಾನ್ ಸ್ಪಾ ಅಂತಲೇ ಅಡ್ಡಹೆಸರು. ರೇಸಿಂಗ್ ಆಟಗಳಿಗೆ ಹೆಸರಾದ ಕೋಡ್‌ಮಾಸ್ಟರ್ಸ್ ಪಕ್ಕದ ಸೌಥಮ್‌ನಲ್ಲೇ. 2010ರಲ್ಲಿ ಪ್ಲೇಗ್ರೌಂಡ್ ಶುರು ಮಾಡಿದವರೂ ಕೋಡ್‌ಮಾಸ್ಟರ್ಸ್‌ನಲ್ಲಿ ಪಳಗಿದವರೇ. ಬಿಜಾರ್ ಮುಚ್ಚಿದ ಮೇಲೆ ಅಲ್ಲಿಂದಲೂ ಕೆಲವರು ಇಲ್ಲಿಗೆ ಬಂದರು. ಅಂದರೆ @ಘಾಟಿ ಡ್ರಿಫ್ಟ್, ಪಿಜಿಆರ್‌ನ ಆ ಅನುಭವ ಎಲ್ಲೂ ಮಾಯವಾಗಲಿಲ್ಲ. ಒನ್‌ನ ಹೊರೈಜನ್ ಮಾಡುತ್ತಿದ್ದ ಊರಿಗೇ ಬಂದು ಸೇರಿತು. 360ರ ಕೆಲಸ ನಡೆದದ್ದು ಬೇರೆ ಊರಲ್ಲಿ.

ಸುಮೋ ಇರುವುದು ಉತ್ತರದ ಶೆಫೀಲ್ಡ್‌ನಲ್ಲಿ. ಅವರನ್ನು ಬೈಯುವ ಮೊದಲು ಒಂದು ಮಾತು. ಇದೇ ಸುಮೋ ಔಟ್‌ರನ್ 2006 ಅನ್ನು ಪಿಎಸ್2ಗೂ, ಅಂಗೈಯಲ್ಲಿ ಹಿಡಿಯುವ ಪಿಎಸ್‌ಪಿಗೂ ತಂದವರು. ಅದನ್ನು ಇವತ್ತಿಗೂ ಜನ ಹುಡುಕಿ ಆಡುತ್ತಾರೆ. ಸಾನಿಕ್ ರೇಸಿಂಗ್ ಆಟಗಳೂ ಅವರದ್ದೇ. ಪೂನಾದಲ್ಲೂ ಅವರದ್ದೊಂದು ಸ್ಟುಡಿಯೊ ಇದೆ. ಕೈ ಕೆಲಸ ಗೊತ್ತಿಲ್ಲದವರಲ್ಲ.

ಚುಕ್ಕಿಬೆಕ್ಕು

ಇಲ್ಲಿ ಎಲ್ಲರೂ ಇಲ್ಲದ್ದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಇದ್ದದ್ದರ ಬಗ್ಗೆ ನಾನು ಹೇಳುತ್ತೇನೆ. 360ರ ಆಟವನ್ನು ನಾನು ಪೂರ್ತಿ ಮುಗಿಸಿದ್ದೇನೆ. ಆಮೇಲೆ ಗೆಳತಿಯ ಮನೆಯಲ್ಲಿ ಒನ್‌ನದ್ದನ್ನೂ ಆಡಿದೆ.

ಕಾರು ಓಡಿಸುವ ಖುಷಿ ಚೆನ್ನಾಗಿಯೇ ಇದೆ. ಮೊದಲ ಹೊರೈಜನ್‌ನ ಅದೇ ಹದ. ಕೈಗೆ ತೂಕ ಗೊತ್ತಾಗುತ್ತದೆ. ಸಂಜೆ ಹೊತ್ತಿನ ಬಿಸಿಲು ಕಡಲ ಮೇಲೆ ಬೀಳುವಾಗ ಸುಮ್ನೆ ಕಾರು ನಿಲ್ಲಿಸಿ ನೋಡಿದ್ದಿದೆ. ಬಿಡಿ ಆಟವಾಗಿ ನೋಡಿದರೆ ಹತ್ತಕ್ಕೆ ಏಳು ಕೊಡುತ್ತೇನೆ.

ಆದರೆ ಒನ್‌ನದ್ದು ಆಡಿದ ದಿನ ಒಂದು ವಿಷಯ ಅರ್ಥವಾಯಿತು. 360ರಲ್ಲಿ ನಾನು ಆಡುತ್ತಿದ್ದದ್ದು ಮೊದಲ ಹೊರೈಜನ್‌ನ ಮುಂದಿನ ಅಧ್ಯಾಯ. ಕೊಲರಾಡೊ ಬದಲು ಯುರೋಪ್, ಅಷ್ಟೇ. ಒನ್‌ನಲ್ಲಿ ಮಾತ್ರ ಎರಡನೆಯ ಹೊರೈಜನ್ ಇತ್ತು. ರೇಸ್ ರಸ್ತೆ ಬಿಟ್ಟು ಗೋಧಿ ಹೊಲದ ನಡುವೆ ನುಗ್ಗಿದಾಗ ನಾನು ಅಭ್ಯಾಸಬಲದಿಂದ ಬ್ರೇಕ್ ಹಿಡಿದೆ, ಈಗ ಗೋಡೆ ಬರುತ್ತದೆ ಅಂತ. ಗೋಡೆ ಬರಲಿಲ್ಲ. ಗೆಳತಿ ನಕ್ಕಳು, "ಯಾಕೆ ನಿಲ್ಲಿಸಿದೆ?" ಅಂತ. 360 ನನ್ನ ಬೆರಳಿಗೆ ಎಲ್ಲಿ ನಿಲ್ಲಬೇಕು ಅಂತ ಕಲಿಸಿಬಿಟ್ಟಿತ್ತು.

ಆಮೇಲೆ ಮನೆಗೆ ಬಂದು 360 ಹಾಕಲಿಲ್ಲ. ಕೆಟ್ಟದ್ದು ಅಂತಲ್ಲ. ಮನಸ್ಸು ಬರಲಿಲ್ಲ.

ಹಳೇಡಬ್ಬ

@ಚುಕ್ಕಿಬೆಕ್ಕು, ನಾನು ಐದು ಪ್ಯಾರಾದಲ್ಲಿ ಹೇಳಲಾಗದ್ದನ್ನು ನೀವು ಆ ಬ್ರೇಕ್ ವಿಷಯದಲ್ಲಿ ಹೇಳಿದಿರಿ.

ಬಜೆಟ್ ಗೇಮರ್

ಹಾಗಾದರೆ ಹೆಸರಿನದ್ದೇ ಗಲಾಟೆ ಅಲ್ವಾ? ಹೊರೈಜನ್ ಯುರೋಪ್ ಅಂತಲೋ ಮತ್ತೊಂದೋ ಬೇರೆ ಹೆಸರಿಟ್ಟಿದ್ದರೆ ನೀವೆಲ್ಲ ಹೊಗಳುತ್ತಿದ್ದಿರಿ. "ಅಯ್ಯೋ, 360ಕ್ಕೆ ಕೊನೆಗಾಲದಲ್ಲಿ ಎಂಥ ಒಳ್ಳೆ ಉಡುಗೊರೆ" ಅಂತ.

ಹಳೇಡಬ್ಬ

ನೂರಕ್ಕೆ ನೂರು. ಹಾಗೆ ಮಾಡಿದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ. 360ಕ್ಕೆ ಬಂದ ಕೊನೆಯ ದೊಡ್ಡ ಫೋರ್ಜಾ ಅದು. 2015ರ ಮಾರ್ಚ್‌ನಲ್ಲಿ ಫಾಸ್ಟ್ ಅಂಡ್ ಫ್ಯೂರಿಯಸ್ ಹೆಸರಿನ ಪುಟ್ಟ ಆಟವೊಂದು ಬಂತು, ಎರಡೂ ಡಬ್ಬಕ್ಕೆ, ಎರಡು ವಾರ ಪುಕ್ಕಟೆ. ಅದರ ಬಗ್ಗೆ ಯಾರಾದರೂ ಬೈದದ್ದು ಕೇಳಿದ್ದೀರಾ? ಇಲ್ಲ. ಯಾಕೆಂದರೆ ಅದು ತಾನು ಏನು ಅಂತ ಮೊದಲೇ ಹೇಳಿಕೊಂಡಿತ್ತು.

ಘಾಟಿ ಡ್ರಿಫ್ಟ್

ಇನ್ನೊಂದು ಮರೆತಿರಿ. ಒನ್‌ನ ಆಟಕ್ಕೆ ಡಿಸೆಂಬರ್‌ನಲ್ಲಿ ಒಂದು ಹೊಸ ದ್ವೀಪ ಬಂತು. ಹೆಸರು ಸ್ಟಾರ್ಮ್ ಐಲ್ಯಾಂಡ್. ಬಿರುಗಾಳಿ, ಕೆಸರು, ಜಡಿಮಳೆ. 360ಕ್ಕೆ ಕೊಡಲಿಲ್ಲ. ಕೊಡುವುದು ಹೇಗೆ, ಆ ಡಬ್ಬದ ಊರಲ್ಲಿ ತುಂತುರು ಹನಿಯೂ ಇರಲಿಲ್ಲವಲ್ಲ!

ರಾಗಿಮುದ್ದೆ ರೇಸರ್

ಬರ ಪೀಡಿತ ತಾಲ್ಲೂಕು ಅಂತ ಘೋಷಿಸಬೇಕಿತ್ತು.

ಪಿಕ್ಸೆಲ್ ಪುಟ್ಟಣ್ಣ

ಒಂದು ವಿಚಿತ್ರ ಗಮನಿಸಿ. 2012ರ ಮೊದಲ ಹೊರೈಜನ್ ಡಿಸ್ಕ್ ಇದ್ದರೆ ಅದನ್ನು ಎಕ್ಸ್‌ಬಾಕ್ಸ್ ಒನ್‌ಗೂ ಹಾಕಿ ಆಡಬಹುದು. ಅದರ ಮುಂದಿನ ರೂಪ ಒನ್ ಎಕ್ಸ್‌ನಲ್ಲಿ 4ಕೆಯಲ್ಲಿ ಕಾಣುತ್ತದೆ, ನೋಡಿದರೆ ಹಳೇ ಆಟ ಅಂತ ನಂಬಿಕೆ ಬರುವುದಿಲ್ಲ. ಆದರೆ ಹಾಗೆ ಹೊಸ ಡಬ್ಬದಲ್ಲಿ ಓಡುವ ಹಳೇ ಆಟಗಳ ಪಟ್ಟಿಯಲ್ಲಿ 360ರ ಹೊರೈಜನ್ 2 ಡಿಸ್ಕ್ ಇಲ್ಲ. 360 ಬಿಟ್ಟರೆ ಬೇರೆ ಎಕ್ಸ್‌ಬಾಕ್ಸ್‌ನಲ್ಲಿ ಓಡುವುದಿಲ್ಲ. ಹೊರೈಜನ್ 2 ಆನ್‌ಲೈನ್ ಅಂಗಡಿಯಿಂದ ಹೋದದ್ದು 2018ರ ಸೆಪ್ಟೆಂಬರ್ 30ಕ್ಕೆ. ಆನ್‌ಲೈನ್ ಆಟ ನಿಂತದ್ದು 2023ರ ಆಗಸ್ಟ್‌ನಲ್ಲಿ. 360ರ ಅಂಗಡಿಯೇ 2024ರ ಜುಲೈ 29ಕ್ಕೆ ಮುಚ್ಚಿತು. ಈಗ ಹೊಸದಾಗಿ ಆಡಬೇಕು ಅನ್ನುವವರಿಗೆ ಹಳೇ ಡಿಸ್ಕ್ ಒಂದೇ ದಾರಿ.

ಹಾಗಾಗಿ @ಹಳೇಡಬ್ಬ, ಬೈಯಿರಿ, ಆದರೆ ಡಿಸ್ಕ್ ಬಿಸಾಡಬೇಡಿ.

ದೂರದೂರು

ಇಲ್ಲಿ ಚಾರಿಟಿ ಅಂಗಡಿಗಳಲ್ಲಿ 360ರ ಡಿಸ್ಕ್‌ಗಳು ಚಿಲ್ಲರೆ ಕಾಸಿಗೆ ಬಿದ್ದಿರುತ್ತವೆ. ಪಿಜಿಆರ್ 4 ಹೋದ ತಿಂಗಳು ನೋಡಿದೆ. ಯಾರಿಗಾದರೂ ಬೇಕಾ? ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ.

ಘಾಟಿ ಡ್ರಿಫ್ಟ್

ನನ್ನ ಹತ್ತಿರ ಎರಡು ಇವೆ! @ಹಳೇಡಬ್ಬ, ನೀವು ದಾವಣಗೆರೆ ಅಲ್ವಾ? ನಾಳಿದ್ದು ಹರಿಹರಕ್ಕೆ ಒಂದು ಮದುವೆಗೆ ಬರುತ್ತಿದ್ದೇನೆ. ನಿಮ್ಮ ಹುಡುಗನಿಗೆ ಒಂದು ತಂದುಕೊಡುತ್ತೇನೆ.

ಬಜೆಟ್ ಗೇಮರ್

ಇಷ್ಟೆಲ್ಲ ಓದಿ ನನಗೂ ನನ್ನ ಹೊರೈಜನ್ 2 ನೆನಪಾಗಿ ನಿನ್ನೆ ರಾತ್ರಿ ಹಾಕಿದೆ. ನೀವು ಹೇಳಿದ್ದೆಲ್ಲ ಈಗ ಕಣ್ಣಿಗೆ ಕಾಣುತ್ತಿದೆ, ಹಾಳಾದ್ದು. ರಸ್ತೆ ಬದಿಯ ಗೋಡೆ ಮೊದಲು ಕಾಣುತ್ತಲೇ ಇರಲಿಲ್ಲ. ಈಗ ಬರೀ ಗೋಡೆಯೇ ಕಾಣುತ್ತದೆ. ಥ್ಯಾಂಕ್ಸ್ ಕಣ್ರಪ್ಪಾ.

ಆದರೂ ಎರಡು ಗಂಟೆವರೆಗೆ ಆಡಿದೆ.

ಹಳೇಡಬ್ಬ

ವರದಿ ಒಪ್ಪಿಸುತ್ತಿದ್ದೇನೆ. @ಘಾಟಿ ಡ್ರಿಫ್ಟ್ ಮದುವೆ ಊಟ ಮುಗಿಸಿಕೊಂಡು ನಿಜವಾಗಿಯೂ ಮನೆಗೆ ಬಂದರು. ಪಿಜಿಆರ್ 4 ಕೊಟ್ಟು, ಕೂತು ಎರಡು ರೇಸ್ ಆಡಿ, ಎರಡರಲ್ಲೂ ನನ್ನನ್ನು ಸೋಲಿಸಿ ಹೋದರು.

ಹುಡುಗನಿಗೆ ಸೇಂಟ್ ಪೀಟರ್ಸ್‌ಬರ್ಗ್ ಹಾಕಿ ಕೊಟ್ಟೆ, ಮಳೆ ಆರಿಸಿ. ಮೊದಲ ತಿರುವಿನಲ್ಲೇ ಜಾರಿ ಗೋಡೆಗೆ ಹೊಡೆದ. ಎರಡನೆಯದರಲ್ಲೂ ಹೊಡೆದ. ಮೂರನೆಯದಕ್ಕೆ ಮೊದಲೇ ನಿಧಾನ ಮಾಡಿದ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, "ಮಾಮಾ, ಇದು ಆ ಇಟಲಿ ಗೇಮಿಗಿಂತ ಹೊಸದಾ?"

ಏಳು ವರ್ಷ ಹಳೆಯದು ಅಂದೆ. ನಂಬಲಿಲ್ಲ. ಡಬ್ಬದ ಹಿಂದೆ ಇಸವಿ ತೋರಿಸಿದೆ. ಅದನ್ನು ನೋಡುವಷ್ಟು ಪುರುಸೊತ್ತು ಅವನಿಗೆ ಇರಲಿಲ್ಲ.

ಘಾಟಿ ಡ್ರಿಫ್ಟ್

ಹಿಮ ಹಾಕಿ ಕೊಟ್ಟಿರಾ?

ಹಳೇಡಬ್ಬ

ಇನ್ನೂ ಇಲ್ಲ. ಡಿಸ್ಕ್ ಮೇಲೆ ನಿಮ್ಮದೊಂದು ಗೀರಿದೆ ಮಾರಾಯರೇ, ಮೂರು ಸಲ ಒರೆಸಿದ ಮೇಲೆ ಓದಿತು. ಇನ್ನೊಂದು ಡಿಸ್ಕ್ ಚೆನ್ನಾಗಿರುವುದನ್ನು ನೀವೇ ಇಟ್ಟುಕೊಂಡಿರಾ?

ಘಾಟಿ ಡ್ರಿಫ್ಟ್

ನೆಟ್‌ವರ್ಕ್ ಸಿಗುತ್ತಿಲ್ಲ. ಘಾಟಿಯಲ್ಲಿ ಮಳೆ.